ಮೂರನೆಯ ಡಬ್ಬಿ

ಮನೆಗೆ ಬಂದವರಿಗೆಲ್ಲ ನಮ್ಮ ಮಾವನವರು ಹೇಳುತ್ತಿದ್ದ ಮೊದಲ ಮಾತು, ‘ಮನೆ ಪೂರ್ತಿ ವೈಫೈ ಮಾಡಿಸಿದ್ದೀವಿ ಕಣ್ರೀ.’ ಆ ‘ಪೂರ್ತಿ’ ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಕೂತು ಕೆಲಸ ಮಾಡುತ್ತಿದ್ದ ಕೋಣೆ ಅವರ ಪ್ರಕಾರ ಮನೆಯೊಳಗೆ ಇರಲೇ ಇಲ್ಲ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಯಾದವಗಿರಿಯ ನಮ್ಮ ಮನೆ ಹಳೆಯ ಕಾಲದ ಗಾರೆಗೋಡೆಯದು; ಹಾಲ್‌ನಲ್ಲಿ ಟಿವಿ ಹಾಕಿದರೆ ಅಡುಗೆಮನೆಗೆ ಕೇಳಿಸದಷ್ಟು ದಪ್ಪ ಗೋಡೆಗಳು. ಅಡುಗೆಮನೆಯ ಹಿಂದೆ, ಒಂದು ಕಾಲದಲ್ಲಿ ಸೌದೆ ಒಟ್ಟುತ್ತಿದ್ದ ಕೋಣೆಯಲ್ಲಿ ನನ್ನ ಮೇಜು. ಹೊರದೇಶದ ವೈದ್ಯರು ತಮ್ಮ ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡಿ ಕಳಿಸುವುದು ನನ್ನ ಕೆಲಸ. ಕಿವಿಗೆ ಹೆಡ್‌ಫೋನು, ಕಾಲ ಕೆಳಗೊಂದು ಪೆಡಲು. ಪೆಡಲು ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹೇಳಿದ ಹೊತ್ತಿಗೆ ಫೈಲು ಹೋಗಲೇಬೇಕು. ನನ್ನದು ಆಗಾಗ ತಡವಾಗುತ್ತಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪನಿಯವರು ಹೇಳಿಯೂ ಆಗಿತ್ತು.

ತಡವಾಗದೆ ಇನ್ನೇನು? ಇಂಟರ್‌ನೆಟ್ಟು ಇದ್ದದ್ದು ಹಾಲ್‌ನಲ್ಲಿ. ಪ್ರತಿ ಸಲ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಫೋನಿನ ಸ್ಟೂಲಿನ ಪಕ್ಕ ನಿಲ್ಲಬೇಕು. ಅಲ್ಲಿ ನೆಂಟರು ಕೂತಿದ್ದರೆ ಮೊದಲು ಅವರ ಕಾಫಿ, ಆಮೇಲೆ ನನ್ನ ಫೈಲು. ಕೋಣೆಗೆ ಒಂದು ಕೇಬಲ್ ಎಳೆದುಕೊಳ್ಳುತ್ತೇನೆ ಎಂದರೆ ಅತ್ತೆಯವರು ಒಪ್ಪಲಿಲ್ಲ. ಹಾಲ್‌ಗೂ ಅಡುಗೆಮನೆಗೂ ನಡುವೆ ದೇವರ ಮನೆ. ಅದರ ಬಾಗಿಲ ಮೇಲೆ ಎಂಥೆಂಥದೋ ವೈರು ಹಾಯಬಾರದು ಎಂದರು.

ಹೀಗಿರುವಾಗ ದೇವರಾಜ ಮೊಹಲ್ಲಾದ ಅಂಗಡಿಯೊಂದರಿಂದ ಮೂರು ವೈಫೈ ಡಬ್ಬಿಗಳು ಬಂದವು. ಈ ಗೋಡೆಗಳಿಗೆ ಒಂದು ಸಾಲುವುದಿಲ್ಲ, ಅಲ್ಲಲ್ಲಿ ಒಂದೊಂದು ಇಟ್ಟು ಹಾಲ್‌ನಿಂದ ಕೇಬಲ್ ಕೊಡಬೇಕು ಎಂದರು ಅಂಗಡಿಯವರು. ಒಂದು ಹಾಲ್‌ಗೆ, ಒಂದು ಮಹಡಿಯಲ್ಲಿ ನಮ್ಮವರ ಕಂಪ್ಯೂಟರಿಗೆ. ಮೂರನೆಯದು ನನಗೇ ಎಂದುಕೊಂಡು ನಾನು ಮೇಜನ್ನೂ ಒರೆಸಿಟ್ಟಿದ್ದೆ. ‘ಇದನ್ನ ಹಿಂದ್ಗಡೆ ಇಡ್ಲಾ ಸಾರ್?’ ಎಂದು ಅಂಗಡಿಯವರು ಮಾವನನ್ನು ಕೇಳಿದ್ದೂ ಉಂಟು.

‘ಅಡುಗೆಮನೆ ಕಡೆಗ್ಯಾಕಪ್ಪ ಇಂಟರ್‌ನೆಟ್ಟು? ಸಾರು ಕಳಿಸೋದಕ್ಕಾ?’ ಎಂದರು ಮಾವ. ಎಲ್ಲರೂ ನಕ್ಕರು.

‘ನಾನು ಕೆಲಸ ಮಾಡೋದು ಅಲ್ಲೇ, ಮಾವ,’ ಎಂದೆ.

‘ನಿಂದೇನಮ್ಮ, ಹಾಲ್‌ಗೆ ಬಂದು ಕಳಿಸಿದ್ರಾಯ್ತು.’

ನಮ್ಮವರು ಸೂರು ನೋಡುತ್ತ ನಿಂತಿದ್ದರು. ಮೂರನೆಯ ಡಬ್ಬಿ ವರಾಂಡಕ್ಕೆ ಹೋಯಿತು, ನನ್ನ ಮೈದುನ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕ್ರಿಕೆಟ್ ಸ್ಕೋರ್ ನೋಡುವುದಕ್ಕೆ. ಗಾಳಿಗೆ ಕೂರುವ ಜಾಗಕ್ಕೂ ಸಿಗ್ನಲ್ ಬೇಕು, ದುಡಿಯುವ ಜಾಗಕ್ಕೆ ಬೇಡ. ಅವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಯಾಕೆ ಎಂದು ಯಾರೂ ಕೇಳಲೂ ಇಲ್ಲ.

ಅಷ್ಟರಲ್ಲಿ ದಸರಾ ಬಂತು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕೆಲಸದ ಸಾಮಾನುಗಳನ್ನೆಲ್ಲ ಒರೆಸಿ ವಿಭೂತಿ, ಕುಂಕುಮ ಹಚ್ಚಿ ಪೂಜೆಗೆ ಇಡುತ್ತಾರೆ. ಮರುದಿನ ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಅವನ್ನು ಮುಟ್ಟುವಂತಿಲ್ಲ. ಹೊರಗೆ ಸ್ಕೂಟರಿಗೆ ಸೇವಂತಿಗೆ ಹಾರ. ಒಳಗೆ ಹಾಲ್‌ನಲ್ಲಿ ನಮ್ಮವರ ಕಂಪ್ಯೂಟರು, ಮೈದುನನ ಕ್ಯಾಮೆರಾ, ಪ್ಲಗ್ಗು ಕಿತ್ತು ಕೇಬಲ್ ಸಮೇತ ತಂದಿಟ್ಟ ಮೂರು ಡಬ್ಬಿಗಳು. ಹೆಂಗಸರ ಪಾಲಿನಿಂದ ಈಳಿಗೆಮಣೆ ಮತ್ತು ಮಿಕ್ಸಿ. ನಾನು ಆ ದಿನದ ಫೈಲುಗಳನ್ನು ಬೆಳಿಗ್ಗೆಯೇ ಕಳಿಸಿ ಮುಗಿಸಿದ್ದೆ. ಹೋಗಿ ಹೆಡ್‌ಫೋನು, ಪೆಡಲು ತಂದು ಮಿಕ್ಸಿಯ ಪಕ್ಕ ಇಟ್ಟೆ.

‘ಕಾಲಲ್ಲಿ ತುಳಿಯೋದನ್ನ ಪೂಜೆಗೆ ಇಡ್ತಾರೇನಮ್ಮ?’ ಎಂದರು ಅತ್ತೆ.

‘ಸ್ಕೂಟರ್ ಬ್ರೇಕೂ ಕಾಲಲ್ಲೇ ತುಳಿಯೋದು, ಅತ್ತೆ. ಅದಕ್ಕೆ ಹಾರ ಹಾಕಿದ್ದೀರಲ್ಲ.’

ಈ ಸಲ ಯಾರೂ ನಗಲಿಲ್ಲ. ಅತ್ತೆ ಪೆಡಲನ್ನು ಎತ್ತಿ ತಿರುಗಿಸಿ ನೋಡಿದರು. ‘ಇದ್ರಲ್ಲೇ ಏನು ನೀನು ದಿನಾ ಕೆಲ್ಸ ಮಾಡೋದು?’ ಎಂದು ಕೇಳಿದರು. ಹೂಂ ಎಂದೆ. ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು ಕೆಳಗಿಟ್ಟರು. ಅಷ್ಟು ವರ್ಷ ಅದೇ ಸೂರಿನ ಕೆಳಗೆ ದುಡಿದಿದ್ದೇನೆ, ಕುಂಕುಮ ಬಿದ್ದ ಮೇಲಷ್ಟೇ ಅದು ಕೆಲಸ ಅಂತ ಇವರಿಗೆ ಕಂಡಿತಲ್ಲ ಎಂದು ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಮರುದಿನ ಮಂಗಳಾರತಿ ಆಯಿತು. ಗಂಡಸರೆಲ್ಲ ಪಂಜಿನ ಕವಾಯತು ನೋಡಲು ಬನ್ನಿಮಂಟಪಕ್ಕೆ ಹೊರಟರು. ರಾತ್ರಿಯೊಳಗೆ ನನ್ನ ಫೈಲು ಹೋಗಬೇಕು. ಹಾಲ್‌ನ ಡಬ್ಬಿಗೆ ಪ್ಲಗ್ಗು ಹಾಕಿದೆ. ಆಮೇಲೆ ಯಾರನ್ನೂ ಕೇಳದೆ ವರಾಂಡದ ಡಬ್ಬಿಯನ್ನೂ ಅದರ ಕೇಬಲ್ಲನ್ನೂ ಎತ್ತಿಕೊಂಡು ಬಂದು, ದೇವರ ಮನೆಯ ಬಾಗಿಲಿಗೆ ಸ್ಟೂಲು ಹಾಕಿ ಹತ್ತಿದೆ. ಅತ್ತೆ ಅಲ್ಲೇ ನಿಂತಿದ್ದರು. ಅವರು ಏನಂದರೂ ಇಳಿಯಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ.

‘ಪೂಜೆ ಆಗಿರೋ ವೈರು,’ ಎಂದರು ಅವರು. ‘ದೇವ್ರ ಮನೆ ಮೇಲೆ ಹಾಯ್ದ್ರೆ ಏನಾಯ್ತದೆ, ಹಾಕ್ಕೊಂಡ್ಬುಡು.’ ಸ್ಟೂಲು ಅಲ್ಲಾಡುತ್ತಿತ್ತು. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು.

ಅವತ್ತಿನ ಫೈಲು ನನ್ನ ಮೇಜಿನಿಂದಲೇ, ಹೊತ್ತಿಗೆ ಮುಂಚೆ ಹೋಯಿತು.

ಬೆಳಿಗ್ಗೆ ಮೈದುನ ವರಾಂಡದಿಂದಲೇ ಕೂಗಿದ: ‘ಅತ್ತಿಗೆ, ನನ್ ಡಬ್ಬಿ ಎಲ್ಲಿ?’

‘ನಿಂದೇನಪ್ಪ, ಹಾಲ್‌ಗೆ ಬಂದು ನೋಡಿದ್ರಾಯ್ತು,’ ಎಂದೆ. ಅವನು ಕಿತ್ತು ತರಲು ಹಿಂದೆ ಬಂದ. ಅತ್ತೆ ಒಲೆಯ ಮುಂದಿನಿಂದ ತಿರುಗಿ, ‘ಕೈ ಹಾಕ್ಬೇಡ ಕಣೋ,’ ಎಂದರು. ಅವನು ಗೊಣಗಿಕೊಂಡು ಹೋದ.

ಇಲ್ಲಿಗೇ ಮುಗಿದಿದ್ದರೆ ನನ್ನ ಸಿಟ್ಟೂ ಇಳಿದಿರುತ್ತಿತ್ತೇನೋ. ಕೆಲವು ದಿನ ಕಳೆದ ಮೇಲೆ ಮಾವನ ಸ್ನೇಹಿತರು ಬಂದರು. ನಾನು ಕಾಫಿ ಹಿಡಿದು ಹಾಲ್‌ಗೆ ಬರುವ ಹೊತ್ತಿಗೆ ಮಾವ ಹೇಳುತ್ತಿದ್ದರು: ‘ನಮ್ಮ ಸೊಸೆ ಮನೇಲೇ ಕೂತು ಕೆಲಸ ಮಾಡ್ತಾಳೆ. ಅದಕ್ಕೇ ಅಂತ ಹಿಂದ್ಗಡೆಗೂ ಒಂದು ಹಾಕ್ಸಿಕೊಟ್ಟೆ ಕಣ್ರೀ.’

ಲೋಟಗಳನ್ನು ಟೀಪಾಯಿಯ ಮೇಲೆ ಒಂದೊಂದಾಗಿ ಇಟ್ಟೆ. ‘ಹಾಕಿದ್ದು ನಾನು, ಮಾವ,’ ಎಂದೆ. ‘ಸ್ಟೂಲ್ ಹಿಡ್ಕೊಂಡಿದ್ದು ಅತ್ತೆ.’