ಅತ್ತೆಯ ತುಟಿ, ಯಾರದೋ ದನಿ

ಉದಗೀರದ ಕಾಲೇಜಿನಲ್ಲಿ ಮಾಧ್ಯಮ ಅಧ್ಯಯನ ಓದುತ್ತಿದ್ದಾಗ ಯಾವ ಧಾರಾವಾಹಿಯನ್ನೂ ನಾನು ನಂಬಿ ನೋಡುತ್ತಿರಲಿಲ್ಲ. ಯಾರ ಕಣ್ಣಿನಿಂದ ಯಾರನ್ನು ತೋರಿಸುತ್ತಿದ್ದಾರೆ ಎಂದು ಕೇಳುವುದೇ ಚಟವಾಗಿತ್ತು.

ರಜೆಗೆ ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕನ್ನಡದೂರು ಕಾಸಾರಶಿರಸಿಯ ಮನೆಗೆ ಹೋದರೆ ಸಂಜೆ ಅತ್ತೆಯ ಜೊತೆ ಟಿ.ವಿ. ನೋಡುವುದು. ಅಪ್ಪನ ಅಕ್ಕ ಅವಳು; ನಮ್ಮ ಹೊಲದ ಉಸ್ತುವಾರಿ ಪೂರ್ತಿ ಅವಳದೇ. ಅವಳು ಬಿಡದೆ ನೋಡುತ್ತಿದ್ದ ಮರಾಠಿ ಧಾರಾವಾಹಿಯಲ್ಲಿ ಕನ್ನಡದ ಕೆಲಸದಾಕೆಯೊಬ್ಬಳಿದ್ದಳು. ತೊದಲು ಮರಾಠಿ, ಕಳ್ಳನೋಟ. ಅವಳು ಬಂದರೆ ಸಾಕು, ನಗೆಯ ಸಂಗೀತ. ಅತ್ತೆಯೂ ನಗುತ್ತಿದ್ದಳು.

"ಅತ್ತಿ, ಆಕಿ ಅಂದ್ರ ನಾವು. ನಮ್ಮನ್ನ ನೋಡಿ ನೀ ನಗ್ಲಾಕತ್ತಿ."

"ಆಕಿ ನಮ್ಮಂಗ ಎಲ್ಲಿ ಮಾತಾಡ್ತಾಳ? ನಮ್ಮ ಭಾಷಾ ಬರಲಾರದ ಯಾವಾಕಿನ್ನೋ ತಂದ್ ನಿಲ್ಸ್ಯಾರ. ಅದಕ್ಕ ನಗ್ತೀನಿ."

ನನಗೆ ಅದು ನೆಪ ಅನ್ನಿಸಿತು. ನೋಡುವವರು ತಮ್ಮದೇ ಅರ್ಥ ಮಾಡಿಕೊಳ್ಳುತ್ತಾರೆಂದು ಪಾಠದಲ್ಲಿ ಓದಿದ್ದೆ. ಆದರೂ ಅತ್ತೆ ಮೋಸಹೋಗಿದ್ದಾಳೆಂದೇ ನಂಬಿದ್ದೆ.

ಅದೇ ಧಾರಾವಾಹಿಯವರು ಕೆಲಸದಾಕೆಯ ತವರೂರನ್ನು ಚಿತ್ರಿಸಲು ನಮ್ಮೂರಿಗೇ ಬಂದರು. ನಮ್ಮ ಅಂಗಳ ಅವರಿಗೆ ಹಿಡಿಸಿತು. ಕೆಲಸದಾಕೆಯ ತಾಯಿಯಾಗಿ ಎರಡು ಮಾತು ಆಡುತ್ತೀರಾ ಎಂದು ನಿರ್ದೇಶಕ ಕೇಳಿದ. ಅತ್ತೆ ಕೂಡಲೇ ಒಪ್ಪಿದಳು. ನನಗೆ ಅದು ಸರಿ ಬರಲಿಲ್ಲ.

ಹರಿದ ಸೀರೆ ಕೊಟ್ಟರು. ಅತ್ತೆ ಅದನ್ನು ಮಡಚಿ ಮರಳಿಸಿ, ತನ್ನ ಇಳಕಲ್ ಸೀರೆ ಉಟ್ಟು ಬಂದಳು. ಊರವರೆಲ್ಲ ಸುತ್ತ ನಿಂತಿದ್ದರು. ಅವಳು ಶುದ್ಧ ಮರಾಠಿಯಲ್ಲಿ ಮಾತು ಒಪ್ಪಿಸಿದಳು.

"ಮಾವಶಿ, ಜರಾ ಚುಕತ್ ಚುಕತ್ ಬೋಲಾ," ಎಂದ ನಿರ್ದೇಶಕ. ಸ್ವಲ್ಪ ತಪ್ಪುತಪ್ಪಾಗಿ ಮಾತಾಡಬೇಕಂತೆ.

ಅತ್ತೆ ಮರಾಠಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾನು ಮರಾಠಿ ಶಾಲೆಯಲ್ಲಿ ಓದಿದವಳು. ತಪ್ಪು ಮಾತಾಡೋದನ್ನ ಅಲ್ಲಿ ಕಲಿಸಲಿಲ್ಲ."

ಜನ ನಕ್ಕರು. ನಿರ್ದೇಶಕನೂ ನಕ್ಕು, ಸರಿ, ಹೀಗೇ ಇರಲಿ ಎಂದ. ಅವನು ಅಷ್ಟು ಬೇಗ ಒಪ್ಪಿದ್ದೇ ನನ್ನ ಸಂಶಯ ಹೆಚ್ಚಿಸಿತು.

ಆ ಕಂತು ಬಂದ ದಿನ ನೆರೆಯವರೂ ನಮ್ಮ ಮನೆಯಲ್ಲಿ ಸೇರಿದ್ದರು. ಪರದೆಯ ಮೇಲೆ ಅತ್ತೆಯ ಮುಖ, ಅತ್ತೆಯ ತುಟಿ. ದನಿ ಮಾತ್ರ ಬೇರೆ ಯಾರದೋ, ಕೀರಲು, ತೊದಲು. ಯಾರೂ ನಗಲಿಲ್ಲ. "ಇದು ಅಕ್ಕಾನ ದನಿ ಅಲ್ಲ," ಎಂದ ಪಕ್ಕದ ಮನೆಯ ಮುದುಕ. ಅತ್ತೆ ಟಿ.ವಿ. ಆರಿಸಿ ಎಲ್ಲರಿಗೂ ಚಹಾ ಮಾಡಲು ಎದ್ದಳು.

ಸಿಟ್ಟಿನಲ್ಲಿ ಒಂದೇ ವಾರದಲ್ಲಿ ಕಾಲೇಜಿಗೆ ಒಪ್ಪಿಸಬೇಕಿದ್ದ ನನ್ನ ಪ್ರಬಂಧ ಬರೆದು ಮುಗಿಸಿದೆ. ಗಡಿಯ ದನಿಯಿಲ್ಲದ ಹೆಣ್ಣು ಎಂದು ತಲೆಬರಹ. ಹೆಮ್ಮೆಯಿಂದ ಅತ್ತೆಗೆ ಓದಿ ಹೇಳಿದೆ.

ಅವಳು ನನ್ನತ್ತ ನೋಡಿದಳು. ಆ ನೋಟದಲ್ಲಿ ಅನುಮಾನವಿತ್ತು.

"ದನಿ ಇಲ್ಲದಾಕಿ ಅಂತ ಬರ್ದಿ. ಮತ್ತ ಅಂಗಳದಾಗ ಮಾತಾಡ್ದಾಕಿ ಯಾರು? ಆಕಿ ದನಿ ಆ ಡೈರೆಕ್ಟರ್ ಅಳಿಸ್ದ. ನೀನೂ ಅಳಿಸ್ಲಾಕತ್ತೀಯಲ್ಲ, ಯವ್ವಾ."

ಹಾಳೆ ಕೆಳಗಿಟ್ಟೆ. "ಅಂವಾ ನಕ್ಕಾಗ ನಿನಗ ಏನ್ ಅನಿಸ್ತು?" ಎಂದು ಕೇಳಿದೆ. ಅವಳನ್ನು ನಾನು ಹಾಗೆ ಕೇಳಿದ್ದು ಅದೇ ಮೊದಲು.

"ಆ ನಗಿ ಖರೇದಲ್ಲ ಅಂತ ನನಗೂ ಗೊತ್ತಾಗಿತ್ತು. ಆದ್ರ ನಾ ಅಂದಿದ್ದು ಊರು ಕೇಳ್ಯಾದ. ಅದನ್ನ ಅಂವಾ ಹ್ಯಾಂಗ ಅಳಿಸ್ತಾನ?"

ತಲೆಬರಹ ಹೊಡೆದುಹಾಕಿ, ಮೊದಲ ಪುಟದಿಂದ ಮತ್ತೆ ಬರೆಯಲು ಕುಳಿತೆ.