ಗೋಲ್ಡಪ್ಪನ ಬೀಗರು

ನನ್ನ ಕೊಲೆಸ್ಟ್ರಾಲು ಹೆಚ್ಚಿದೆಯೆಂದು ಡಾಕ್ಟರು ಹೇಳಿದ ದಿನದಿಂದ ನಮ್ಮ ಅಡುಗೆಮನೆಯಲ್ಲಿ ಹುರಳಿ ಬೇಯುತ್ತಿದೆ. ಇವತ್ತು ಬೆಳಿಗ್ಗೆ ಕುಕ್ಕರಿನ ಮುಚ್ಚಳ ತೆಗೆದಾಗ ಬಂದ ಹಬೆಯಲ್ಲಿ ಒಂದು ಕುದುರೆ ಇತ್ತು. ನಗಬೇಡಿ. ಬೆಂದ ಹುರಳಿ, ಅದಕ್ಕೆ ಕಲಸಿದ ಬೆಲ್ಲ, ಹಸಿ ಹುಲ್ಲು, ಬೆವರಿದ ತೊಗಲು ಎಲ್ಲದರ ವಾಸನೆಯೂ ಒಟ್ಟಿಗೆ ಬಂದು ನನ್ನೆದುರು ನಿಂತು, ನನ್ನನ್ನು ಬಿಟ್ಟು ಬೇರೆಲ್ಲೋ ನೋಡಿತು. ಗೋಲ್ಡಪ್ಪನೇ ಸರಿ. ಅವನು ನನ್ನನ್ನು ಎಂದೂ ಲೆಕ್ಕಕ್ಕಿಟ್ಟವನಲ್ಲ.

ಅವನ ಪೂರ್ತಿ ಹೆಸರು ಗೋಲ್ಡನ್ ಮಾನ್ಸೂನ್. ಮೈಬಣ್ಣ ಸುಟ್ಟ ಬೆಲ್ಲದ್ದು, ಬಂದದ್ದು ಉರಿಬೇಸಿಗೆಯಲ್ಲಿ. ಹೀಗಾಗಿ ಹೆಸರಿನ ಎರಡೂ ಅರ್ಧ ಸುಳ್ಳು. ಪುಣೆ, ಮುಂಬೈಗಳ ರೇಸುಗಳಲ್ಲಿ ಓಡಿದ ಅಸಲಿ ಥರೋಬ್ರೆಡ್ ಗಂಡುಕುದುರೆ. ಎಂಬತ್ತರ ದಶಕದ ಆರಂಭವಿರಬೇಕು. ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿದ್ದ ನನ್ನ ಶರಣಪ್ಪ ಕಾಕಾನಿಗೆ ಆಳಂದದಲ್ಲಿ ತೊಗರಿಬೇಳೆ ವ್ಯಾಪಾರದ ಗೆಳೆಯನೊಬ್ಬನಿದ್ದ. ಪುಣೆಗೆ ಬೇಳೆ ಇಳಿಸಿದ ಲಾರಿ ಖಾಲಿ ಮರಳಬಾರದೆಂದು ಆತ, ಓಟದಿಂದ ನಿವೃತ್ತಿಯಾಗಿ ಯಾರಿಗೂ ಬೇಡವಾಗಿದ್ದ ಈ ಕುದುರೆಯನ್ನು ಹತ್ತಿಸಿಕೊಂಡು ಬಂದು ಕಾಕಾನ ಅಂಗಳದಲ್ಲಿ ಇಳಿಸಿದ. ನಾನಾಗ ಜೇವರ್ಗಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. ರವಿವಾರ ಬಂದರೆ ಅತನೂರಿನ ಬಸ್ಸು ಹತ್ತುತ್ತಿದ್ದೆ. ಕುದುರೆಗಾಗಿ ಅಲ್ಲ, ಕಾಕಾನ ಹೆಂಡತಿ ಚಿಗವ್ವನ ಕೈಯ ಊಟಕ್ಕಾಗಿ ಎಂದು ಆಗ ಎಲ್ಲರಿಗೂ ಹೇಳುತ್ತಿದ್ದೆ.

ಕಾಕಾ ರೇಸ್‌ಕೋರ್ಸನ್ನು ಜನ್ಮದಲ್ಲಿ ಕಂಡವನಲ್ಲ. ಆದರೂ ಎರಡನೆಯ ವಾರಕ್ಕೆ ಅವನ ಭಾಷೆಯೇ ಬದಲಾಗಿತ್ತು. ರೇಸಿನಲ್ಲಿ ಕುದುರೆಯ ಮೂಗಷ್ಟೇ ಮುಂದಿದ್ದರೂ ಗೆಲುವೇ ಅಂತೆ, ಹಾಗಾಗಿ ಯಾವುದೇ ಗೆಲುವು ಅವನಿಗೀಗ "ಮೂಗಿನಷ್ಟು" ಗೆಲುವು. ಗ್ರಾಮ ಪಂಚಾಯತಿ ಚುನಾವಣೆಯನ್ನೂ ಯಾರೋ ಮೂಗಿನಷ್ಟು ಅಂತರದಲ್ಲಿ ಗೆದ್ದರು. ಗೋಲ್ಡಪ್ಪ ಸ್ವತಃ ಎಷ್ಟು ರೇಸು ಗೆದ್ದಿದ್ದ? ಆಳಂದದ ಗೆಳೆಯ ಮೊದಲು ಹೇಳಿದ್ದು "ಭಾಳ". ಆಮೇಲೆ "ಗೆದ್ದಂಗೇ". ಕೊನೆಗೆ ಯಾವುದೋ ಮದುವೆಯ ಪಂಕ್ತಿಯಲ್ಲಿ ಹೊಟ್ಟೆ ತುಂಬಿದ ಮೇಲೆ ನಿಜ ಹೊರಬಿತ್ತು. ಗೋಲ್ಡಪ್ಪ ಯಾವಾಗಲೂ ಎರಡನೆಯವನು. ಮುಂದಿನ ಕುದುರೆಯ ಬಾಲ ನೋಡುತ್ತ ಓಡುವುದು ಅವನಿಗೆ ಇಷ್ಟವಂತೆ.

"ಅದಕ್ಕ ಸೋಲು ಅನ್ನಂಗಿಲ್ಲಲೇ," ಎಂದ ಕಾಕಾ. "ಅದಕ್ಕ ಮರ್ಯಾದಿ ಅಂತಾರ."

ಆದರೆ ಅವತ್ತಿನಿಂದ ಅವನಿಗೆ ಒಂದೇ ಹಟ. ಗೋಲ್ಡಪ್ಪನಿಗೊಂದು ಮರಿಯಾಗಬೇಕು, ಅದು ಭೀಮಾ ದಂಡೆಯ ಮೇಲೆ ಬೆಳೆಯಬೇಕು, ಮುಂಬೈಯಲ್ಲಿ ಓಡಬೇಕು, ಓಡಿ ಮೊದಲು ಬರಬೇಕು. "ಅಪ್ಪ ಬಿಟ್ಟಿದ್ದನ್ನ ಮಗ ಗೆಲ್ಲಬೇಕು, ತಮ್ಮಾ." ಇದನ್ನು ಹೇಳುವಾಗ ಅವನ ಮುಖ ಹೇಗಿರುತ್ತಿತ್ತೆಂದು ಬರೆಯಲು ಹೊರಟು ಎರಡು ಸಾಲು ಹೊಡೆದುಹಾಕಿದೆ. ಸುಳ್ಳು ಬರುತ್ತಿತ್ತು.

ಹೆಣ್ಣು ಎಲ್ಲಿಂದ ತರುವುದು? ನಮ್ಮ ಕಡೆ ಕುದುರೆಯೆಂದರೆ ಟಾಂಗಾದ ಕುದುರೆ. ಚೌಡಾಪುರದಲ್ಲಿ ಬಸ್ಸಿಳಿದ ಭಕ್ತರನ್ನು ಗಾಣಗಾಪುರದ ದತ್ತನ ಗುಡಿಗೆ ಒಯ್ಯುವ ಟಾಂಗಾಗಳ ಪೈಕಿ ಲಾಡ್ಲೇಸಾಬನ ಚಾಂದನಿ ಚೆಂದದ ಹೆಣ್ಣು. ಬಿಳಿ, ಗಿಡ್ಡ, ತುಂಬಿದ ಮೈ. ಕಾಕಾ ನನ್ನನ್ನೂ ಕರೆದುಕೊಂಡು ಹೆಣ್ಣು ಕೇಳಲು ಹೋದ. ಲಾಡ್ಲೇಸಾಬ ಮೆತ್ತಗಿನ ಮನುಷ್ಯ, ತಲೆಯಾಡಿಸಿಬಿಟ್ಟ. ಬಾಗಿಲ ಒಳಗಿನಿಂದ ಅವನ ಹೆಂಡತಿ ಬಶೀರಾಬಿಯ ದನಿ ಬಂತು.

"ಬಸುರಿ ಕುದುರಿ ಟಾಂಗಾ ಎಳೀತದೇನ್ರಿ ಗೌಡ್ರ? ಮಂದೀನ ನೀವು ಹೆಗಲ ಮ್ಯಾಲೆ ಹೊತ್ತು ಒಯ್ತೀರೇನು?"

"ಮತ್ತೇನು ಮಾಡಬೇಕಂತಿ, ಹೇಳಬೇ ತಂಗಿ."

"ಹೆಂಡ್ತಿ ಬಸುರಾದ್ರ ಯಾರು ದುಡೀಬೇಕ್ರಿ? ಗಂಡ ದುಡೀಬೇಕು. ನಿಮ್ಮ ಮುಂಬೈ ಸಾಹೇಬನ್ನ ಇತ್ತ ಕಳಸ್ರಿ, ನನ್ನ ಚಾಂದನೀನ ಅತ್ತ ಒಯ್ರಿ."

ಕಾಕಾ ನನ್ನ ಮುಖ ನೋಡಿದ. ನಾನು ಇಂಗ್ಲಿಷ್ ಮಾಸ್ತರನ ಗಾಂಭೀರ್ಯದಿಂದ, ಅದು ನ್ಯಾಯವೇ ಎಂದೆ.

ಚಾಂದನಿ ಅತನೂರಿಗೆ ಬಂದಳು. ಗೋಲ್ಡಪ್ಪ ಅವಳ ಮುಂದಿದ್ದ ಹುಲ್ಲನ್ನು ತಿಂದು, ಬೆನ್ನು ತಿರುಗಿಸಿ ನಿಂತ. ಮರುದಿನವೂ ಅಷ್ಟೇ. ಊರ ಗಂಡಸರು ಸಲಹೆ ಕೊಡಲು ಸಾಲುಗಟ್ಟಿದರು. ಹೆಂಗಸರನ್ನು ಒಳಗೆ ಕಳಿಸಲಾಯಿತು, ಅವರು ಮಾಳಿಗೆ ಏರಿ ಇಣುಕಿದರು. ಆಮೇಲೆ ಯಾರೋ ಚಾಂದನಿಯನ್ನು ಬಿಚ್ಚಿ ನಾಲ್ಕು ಹೆಜ್ಜೆ ಮುಂದೆ ನಡೆಸಿದರು, ಅವಳ ಬಾಲ ಗೋಲ್ಡಪ್ಪನ ಕಣ್ಣೆದುರು ತೂಗಿತು. ಅವನಿಗೆ ರೇಸಿನ ನೆನಪಾಯಿತೋ ಏನೋ, ಮುಂದಿನದನ್ನು ಮಾಳಿಗೆಯವರನ್ನೇ ಕೇಳಬೇಕು. ಅಷ್ಟರಲ್ಲಿ ಚಿಗವ್ವ ನನ್ನನ್ನು ಊಟಕ್ಕೆ ಕರೆದಿದ್ದಳು.

ಮಾತಿನಂತೆ ಗೋಲ್ಡಪ್ಪ ಚೌಡಾಪುರದ ಟಾಂಗಾಕ್ಕೆ ಹೂಡಿಕೊಂಡ. ಇಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. ರೇಸಿನಲ್ಲಿ ಎರಡನೆಯ ಸ್ಥಾನಕ್ಕೆ ತೃಪ್ತನಾಗಿದ್ದ ಈ ಪ್ರಾಣಿಗೆ, ಟಾಂಗಾ ಕಟ್ಟಿದ ಮೇಲೆ ತನ್ನ ಮುಂದೆ ಯಾವ ಗಾಲಿ ಉರುಳಿದರೂ ಸಹಿಸಲಾಗುತ್ತಿರಲಿಲ್ಲ. ಎತ್ತಿನ ಗಾಡಿ, ಸೈಕಲ್ಲು, ಜೀಪು ಎಲ್ಲವನ್ನೂ ಹಿಂದೆ ಹಾಕಬೇಕು. ಎರಡೂ ಹೇಗೆ ನಿಜವಾದಾವು? ನನಗೆ ಗೊತ್ತಿಲ್ಲ. ಒಂದನ್ನು ಬಿಟ್ಟರೆ ಕಥೆ ನೇರವಾಗುತ್ತದೆ, ಆದರೆ ಕುದುರೆ ಕುಂಟುತ್ತದೆ. ಹುಣ್ಣಿಮೆಯ ದಿನ ಅವನು ಕೆಂಪು ಬಸ್ಸೊಂದನ್ನು ಹಿಂದಿಕ್ಕಿದ್ದಂತೂ ನನ್ನ ಮೈಗೇ ಗೊತ್ತು, ನಾನು ಆ ಟಾಂಗಾದಲ್ಲಿದ್ದೆ. ಸೊಲ್ಲಾಪುರದ ಭಕ್ತರು ಒಬ್ಬರನ್ನೊಬ್ಬರು ತಬ್ಬಿಕೊಂಡು ದತ್ತನನ್ನು ಕೂಗುತ್ತಿದ್ದರು. ಬಸ್ಸಿನ ಕಿಟಕಿಗಳಿಂದ ಅರ್ಧ ಊರು ಹೊರಗೆ ಬಾಗಿ ಸಿಳ್ಳೆ ಹೊಡೆಯಿತು. ಇಳಿದ ಮೇಲೆ ಒಬ್ಬ ಮುದುಕಿ ಗೋಲ್ಡಪ್ಪನ ಕಾಲು ಮುಟ್ಟಿ ನಮಸ್ಕರಿಸಿದಳು. ದೇವರು ಎದುರಿಗೇ ಇದ್ದ, ಆದರೂ ಮೊದಲು ಇವನಿಗೆ.

ಅತ್ತ ಚಾಂದನಿಯ ಹೊಟ್ಟೆ ದುಂಡಗಾಗುತ್ತಿತ್ತು. ಹಿಗ್ಗಿನಲ್ಲಿ ಕಾಕಾ ಮಾಡಿದ ತಪ್ಪನ್ನು ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಅವನು ಕುದುರೆಗೆ ಕುಬಸ ಮಾಡಿದ. ಬಸುರಿಗೆ ಹಸಿರು ಉಡಿಸಿ, ಬಳೆ ತೊಡಿಸಿ, ಊರಿಗೆ ಊಟ ಹಾಕುತ್ತಾರಲ್ಲ, ಆ ಶಾಸ್ತ್ರ. ಗೊರಸಿಗೆ ಬಳೆ ಏರದಿದ್ದರಿಂದ ಚಿಗವ್ವ ಅವನ್ನು ದಾರಕ್ಕೆ ಪೋಣಿಸಿ ಚಾಂದನಿಯ ಕೊರಳಿಗೆ ಕಟ್ಟಿದಳು. ಬೆನ್ನಿಗೆ ಹಸಿರು ಖಣ. ತವರಿನ ಕಡೆಯವರಾಗಿ ಲಾಡ್ಲೇಸಾಬ, ಬಶೀರಾಬಿ ಬುತ್ತಿ ಕಟ್ಟಿಕೊಂಡು ಬಂದರು. "ಬರ್ರಿ ಬೀಗರ, ಬರ್ರಿ!" ಎಂದು ಕಾಕಾ ಕೂಗಿದಾಗ ಇಡೀ ಅಂಗಳ ನಕ್ಕಿತು. ನಗದೇ ಇದ್ದವಳು ಬಶೀರಾಬಿ ಒಬ್ಬಳೇ. ಅವಳು ಹೋಳಿಗೆ ಉಂಡು, ಕೈ ತೊಳೆದು, ಚಾಂದನಿಯ ಹಗ್ಗ ಬಿಚ್ಚಿದಳು.

"ಎಲ್ಲಿಗೆಬೇ?" ಎಂದ ಕಾಕಾ.

"ಕುಬಸ ಆತಲ್ರಿ ಬೀಗರ? ಚೊಚ್ಚಲ ಹೆರಿಗಿ ತವರಮನ್ಯಾಗ."

ಊರೆಲ್ಲ ಕಾಕಾನ ಅನ್ನ ಉಂಡು ಕೂತಿತ್ತು. ಶಾಸ್ತ್ರ ಮಾಡಿದವನೇ ಶಾಸ್ತ್ರ ಅಲ್ಲಗಳೆಯುವುದು ಹೇಗೆ? ಹೀಗೆ ಗಂಡ, ಹೆಂಡತಿ, ಹೊಟ್ಟೆಯೊಳಗಿನ ಮರಿ, ಮೂವರೂ ಚೌಡಾಪುರ ಸೇರಿದರು. ಕಾಕಾನ ಅಂಗಳದಲ್ಲಿ ಉಳಿದದ್ದು ಗೂಟ. ಮರಿ ಯಾರದು ಎಂದು ಮೊದಲೇ ಮಾತಾಗಿರಲಿಲ್ಲ. ಈಗ ಕೇಳುವಂತಿಲ್ಲ, ಬೀಗರನ್ನು ಹಾಗೆಲ್ಲ ಕೇಳಬಾರದು.

ಹೆಣ್ಣುಮರಿ ಹುಟ್ಟಿತು. ಚಿಗವ್ವ ಬಾಣಂತಿಗೆಂದು ಅಂಟಿನ ಉಂಡಿ ಕಟ್ಟಿಕೊಂಡು ಹೋದಳು, ಚಾಂದನಿ ಡಬ್ಬಿ ಸಮೇತ ನೆಕ್ಕಿದಳು. ಕಾಕಾ ಮರಿಯ ಕಾಲುಗಳನ್ನೇ ನೋಡುತ್ತ ಕೂತ. ಐದನೆಯ ತಿಂಗಳು ತುಂಬಿದಾಗ ಬಶೀರಾಬಿಯೇ ಮಾತು ತೆಗೆದಳು.

"ಬೀಗರ, ಮರಿ ಓಡೋ ಜಾತಿ ಇದ್ರ ನಿಮ್ಮದು. ಎಳಿಯೋ ಜಾತಿ ಇದ್ರ ನನ್ನ ಟಾಂಗಾಕ್ಕ. ಹೊಳಿ ದಂಡಿ ಮ್ಯಾಲೆ ಬಿಟ್ಟು ನೋಡೂಣು."

ಬೇಸಿಗೆಯ ಭೀಮಾ. ಅಗಲಕ್ಕೆ ಉಸುಕು, ಅಲ್ಲಲ್ಲಿ ಕಲ್ಲಂಗಡಿ ಬಳ್ಳಿ, ಆಚೆ ಮೊಣಕಾಲುದ್ದ ನೀರು. ಮರಿಯ ಜೊತೆ ಓಡಲು ಯಾರಾದರೂ ಬೇಕಲ್ಲ? ಜೇವರ್ಗಿಯ ಇಂಗ್ಲಿಷ್ ಮಾಸ್ತರರು ಸೈಕಲ್ ಏರಿದರು. ಚಿಗವ್ವ, ಬಶೀರಾಬಿ ಇಬ್ಬರೂ ಓಟ ಚೆನ್ನಾಗಿ ಕಾಣಲೆಂದು, ನಮಗಿಂತ ಸ್ವಲ್ಪ ಮುಂದೆ ನಿಲ್ಲಿಸಿದ್ದ ಗೋಲ್ಡಪ್ಪನ ಟಾಂಗಾದಲ್ಲಿ ಹಿಂದೆ ಮುಖ ಮಾಡಿ ಕೂತರು. ಲಾಡ್ಲೇಸಾಬ ಬೀಡಿ ಹಚ್ಚಲು ಕೆಳಗಿಳಿದಿದ್ದ. ಕಾಕಾ ಟಾವೆಲ್ ಬೀಸಿದ, ನಾನು ತುಳಿದೆ.

ನಾವು ಮರೆತದ್ದು ಗೋಲ್ಡಪ್ಪನನ್ನು. ಅವನ ಮುಂದೆ ಗಾಲಿಗಳು ಉರುಳಿದವು.

ಆಮೇಲಿನದು ಹಿಂದುಮುಂದಾಗಿ ನೆನಪಿದೆ. ಚಿಗವ್ವ ಕಿರುಚಿದ್ದು ಮೊದಲು, ಗಾಲಿಯ ಸದ್ದು ಆಮೇಲೆ. ಟಾಂಗಾ ನನ್ನ ಪಕ್ಕದಲ್ಲಿ ಹಾರಿತು, ನಾನು ಸೈಕಲ್ ಸಮೇತ ಉಸುಕಿಗೆ ಬಿದ್ದೆ. ನನ್ನನ್ನು ದಾಟಿ ಚಾಂದನಿ, ಅವಳ ಹಿಂದೆ ಲಾಡ್ಲೇಸಾಬ, ಅವನ ಹಿಂದೆ ಧೋತರ ಎತ್ತಿಹಿಡಿದ ಕಾಕಾ. ಮತ್ತು ಮರಿ! ಬಾಲ ಎತ್ತಿ, ಟಾಂಗಾದ ಪಕ್ಕಕ್ಕೆ ಬಂದು, ಅಪ್ಪನ ಕಿವಿಯ ಸಮಕ್ಕೆ ಬಂದು, ಮುಂದೆ. ಕಣ್ಣೊಳಗೆ ಉಸುಕಿದ್ದರೂ ನಾನು ಕಂಡೆ.

ಟಾಂಗಾ ನೀರಿನಲ್ಲಿ ನಿಂತಿತು. ಎದ್ದು ಕುಂಟುತ್ತ ನಾನು ಹೋಗಿ ಮುಟ್ಟುವಾಗ ಕಾಕಾ ಗಾಲಿ ಹಿಡಿದು ಏದುತ್ತಿದ್ದ. ಹೆಂಡತಿಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ.

"ಯಾರು ಮುಂದ? ಹೇಳ್ರಬೇ, ಯಾರು ಮುಂದ?"

"ನಾ ಕಣ್ಣು ಮುಚ್ಚಿದ್ದೆ," ಎಂದಳು ಚಿಗವ್ವ.

ಬಶೀರಾಬಿ ಸೆರಗು ಹಿಂಡಿದಳು. ಕಾಕಾನ ಮುಖವನ್ನು ಒಂದು ಗಳಿಗೆ ನೋಡಿದಳು.

"ಮರಿ ಮುಂದಿತ್ರಿ ಬೀಗರ. ಮೂಗಿನಷ್ಟು."

"ಮತ್ತ ಈಗೆಲ್ಲದ?"

ಮರಿ ದೂರದಲ್ಲಿ ಹಿಂದೆ, ಬಳ್ಳಿಗಳ ನಡುವೆ ನಿಂತಿತ್ತು. "ಗೆದ್ದು ಹೊಳ್ಳಿ ಹೋಗ್ಯಾಳ!" ಎಂದು ಕಾಕಾ ತಾನೇ ಉತ್ತರ ಹೇಳಿಕೊಂಡು ನೀರಿನಲ್ಲಿ ಕುಣಿದ. ನಿಜವಾಗಿ ಕುಣಿದ. ಲಾಡ್ಲೇಸಾಬನನ್ನೂ ಕುಣಿಸಿದ.

ಮರಿ, ತಾಯಿ ಅತನೂರಿಗೆ ಬಂದರು. ಗೋಲ್ಡಪ್ಪ ಮನೆ ಅಳಿಯನಾಗಿ ಚೌಡಾಪುರದಲ್ಲೇ ಉಳಿದ. ಬಶೀರಾಬಿಗೆ ನಷ್ಟವೇನೂ ಆಗಲಿಲ್ಲ, ಬಸ್ಸು ಬಿಟ್ಟು ಅವನಿಗಾಗಿ ಕಾಯುವ ಭಕ್ತರಿದ್ದರು. ಮರಿ ಬೆಳೆದು ತಾಯಿಯಷ್ಟೇ ಗಿಡ್ಡವಾಯಿತು. "ಬರೋ ವರ್ಷ ಮುಂಬೈಗೆ" ಎನ್ನುತ್ತಲೇ ಕಾಕಾ ಅದನ್ನು ಚಿಗವ್ವನ ಸಂತೆಯ ಗಾಡಿಗೆ ಕಟ್ಟಿದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ, "ಇಕಿ ಗೋಲ್ಡನ್ ಮಾನ್ಸೂನನ್ನ ಸೋಲಿಸಿದಾಕಿ."

ಇಷ್ಟು ಬರೆದು ನಿಲ್ಲಿಸಬೇಕಿತ್ತು. ನನ್ನ ಚಟ, ಅಫಜಲಪುರದಲ್ಲಿ ಮಗಳ ಮನೆಯಲ್ಲಿರುವ ಚಿಗವ್ವನಿಗೆ ಫೋನು ಹಚ್ಚಿದೆ.

"ಚಿಗವ್ವಾ, ಅವತ್ತು ಖರೇನ ಕಣ್ಣು ಮುಚ್ಚಿದ್ದೇನು?"

ಅತ್ತ ಕಡೆ ನಗು ಶುರುವಾಗಿ, ಕೆಮ್ಮಾಗಿ, ಮತ್ತೆ ನಗುವಾಯಿತು.

"ಯಾಕ ಮುಚ್ಚಲೋ? ಎಲ್ಲಿ ಬೀಳ್ತೀವಿ ಅಂತ ನೋಡಬೇಕಲ್ಲ."

"ಮರಿ?"

"ಎಲ್ಲಿ ಓಡಿತ್ತೋ! ಟಾವೆಲ್ ಬೀಸಿದಲ್ಲೇ ಕಲ್ಲಂಗಡಿಗೆ ಬಾಯಿ ಹಾಕಿತ್ತು. ನಾವಿಬ್ರೂ ನೋಡಿದ್ವಿ. ಬಶೀರಾಬಿ ನನ್ನ ತೊಡಿ ಚಿವುಟಿದ್ಲು, ನಾ ಸುಮ್ಮನಾದೆ. ಬರೀಬ್ಯಾಡ ಮತ್ತ, ನಿಮ್ಮ ಕಾಕಾನ ಹೆಸರೈತಿ ಅದರಾಗ."

ಬರೆದೆ. ಕ್ಷಮಿಸಲಿ. ಆದರೆ ನಾನು ಕಂಡದ್ದು? ಎತ್ತಿದ ಬಾಲ, ಅಪ್ಪನ ಕಿವಿಯ ಸಮಕ್ಕೆ ಬಂದ ಆ ಮೂತಿ? ಅಳಿಸಲು ನೋಡಿದೆ, ಹೋಗುತ್ತಿಲ್ಲ. ಈಗ ನನ್ನ ಹೊಳೆಯ ದಂಡೆಯ ಮೇಲೆ ಎರಡು ಮರಿಗಳಿವೆ. ಒಂದು ಗೆಲ್ಲುತ್ತಿದೆ. ಇನ್ನೊಂದು, ನಾವೆಲ್ಲ ಬಾಯಿ ಬಡಿದುಕೊಂಡು ಓಡುತ್ತಿರುವುದನ್ನು ನೋಡುತ್ತ, ಗದ್ದದಿಂದ ಕೆಂಪು ರಸ ಸುರಿಸಿಕೊಂಡು, ನಿಧಾನವಾಗಿ ಅಗಿಯುತ್ತಿದೆ.