ನಿಂತ ಬ್ಯಾಂಡಿನ ಬೆನ್ನು ಹತ್ತಿ ನರಸೀಪುರಕ್ಕೆ

‘ಒಳಹರಿವು’ ಬ್ಯಾಂಡು ಒಡೆದುಹೋಯಿತು ಎಂದು ಮೈಸೂರಿನಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಗಿಟಾರಿನ ಪ್ರಸಾದ್‌ಗೂ ಡ್ರಮ್ಸಿನ ಯೋಗೇಶ್‌ಗೂ ಜಗಳವಂತೆ. ಒಬ್ಬರ ಪ್ರಕಾರ ಜಗಳ ಯಾವುದೋ ಸಿನಿಮಾ ಅವಕಾಶಕ್ಕೆ, ಇನ್ನೊಬ್ಬರ ಪ್ರಕಾರ ಹಾಡಿನ ಉದ್ದಕ್ಕೆ. ಮೂರನೆಯವರು ಜಗಳವೇ ಇಲ್ಲ, ಯೋಗೇಶನ ಮಣಿಕಟ್ಟು ಹೋಗಿದೆ ಎನ್ನುತ್ತಾರೆ. ಮೂವರಿಗೂ ನಾನು ಒಂದೇ ಪ್ರಶ್ನೆ ಹಾಕಿದೆ: ನೀವು ನೋಡಿದಿರಾ? ಮೂವರೂ ಇನ್ನೊಬ್ಬರಿಂದ ಕೇಳಿದವರು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದ ಮಂಡಿಸಿದ್ದರೆ ಎರಡನೇ ಸುತ್ತಿಗೂ ಹೋಗುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ‘ಒಳಹರಿವು’ ನಾಲ್ವರ ಪ್ರೋಗ್ರೆಸಿವ್ ರಾಕ್ ಬ್ಯಾಂಡು. ಅವರ ಹಾಡು ಐದು ನಿಮಿಷಕ್ಕೆ ಮುಗಿದರೆ ನಮಗೆ ಅನುಮಾನ ಬರುತ್ತದೆ. ಏಳು ಏಟಿನ ಲೆಕ್ಕದಲ್ಲಿ ಹೊರಟು, ನಡುವೆ ಐದಕ್ಕೆ ಹಾರಿ, ಎಲ್ಲೋ ಕಳೆದುಹೋದಂತೆ ಮಾಡಿ, ಕೊನೆಗೆ ನಾಲ್ವರೂ ಒಂದೇ ಏಟಿಗೆ ಬಂದು ನಿಲ್ಲುತ್ತಾರೆ. ಹಾಗೆ ಬಂದು ನಿಲ್ಲುವ ಆ ಏಟಿಗಾಗಿಯೇ ನಾವು ಹೋಗುತ್ತಿದ್ದುದು. ಹೋದ ವರ್ಷ ಅವರ ಪುಟದಲ್ಲಿ ಒಂದು ಸಾಲು ಬಂತು: ‘ಸದ್ಯಕ್ಕೆ ನಿಂತಿದ್ದೇವೆ.’ ಆಮೇಲೆ ಒಂದಕ್ಷರವೂ ಇಲ್ಲ. ಬೇಸ್ ಗಿಟಾರಿನವರನ್ನೂ ಕೀಬೋರ್ಡಿನವರನ್ನೂ ಕೇಳಿದರೆ ‘ಅವರಿಬ್ಬರನ್ನೇ ಕೇಳಿ’ ಎನ್ನುತ್ತಾರೆ. ಇಷ್ಟಕ್ಕೇ ನಮ್ಮ ಅಭಿಮಾನಿ ಬಳಗದವರು ಬರುವ ಭಾನುವಾರ ‘ವಿದಾಯ ಸಂಜೆ’ ಇಟ್ಟುಕೊಂಡು, ಬಳಗವನ್ನೂ ಮುಚ್ಚುವುದೆಂದು ತೀರ್ಮಾನಿಸಿದರು. ಹೆಣ ಕಾಣದೆ ತಿಥಿ ಮಾಡುವುದು ಯಾವ ನ್ಯಾಯ ಎಂದು ನಾನು ಕೇಳಿದೆ. ‘ಹಂಗಾದ್ರೆ ನೀನೇ ಹೋಗಿ ಕೇಳ್ಕೊಂಡು ಬಾ’ ಎಂದರು. ಹೊರಟೆ.

ಶುಕ್ರವಾರ ಬೆಳಿಗ್ಗೆ ಚಾಮರಾಜನಗರದ ಪ್ಯಾಸೆಂಜರ್ ಹತ್ತಿದೆ. ನಂಜನಗೂಡಿಗೆ ಹತ್ತು ರೂಪಾಯಿ ಟಿಕೆಟ್ಟು, ಇಪ್ಪತ್ತೈದು ಕಿಲೋಮೀಟರಿಗೂ ಕಡಿಮೆ ದಾರಿ. ಮಾರ್ಚಿನ ಬಿಸಿಲು ಕಡಕೊಳಕ್ಕೇ ಕಿಟಕಿಯ ಸರಳನ್ನು ಕಾಯಿಸಿತ್ತು. ತಾಂಡವಪುರದಲ್ಲಿ ನಂದೀಶ ಹತ್ತಿದ. ಬೆಳಗಿನ ಹೊತ್ತು ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಾನೆ. ಬಳಗದಲ್ಲಿ ನನ್ನ ಪಕ್ಷ ಹಿಡಿದವನು ಅವನೊಬ್ಬನೇ, ಅದೂ ವಾದಕ್ಕೆ ಒಪ್ಪಿ ಅಲ್ಲ, ‘ವಿದಾಯ’ ಎಂಬ ಮಾತು ಕೇಳಿದರೆ ಅವನಿಗೆ ಅಳು ಬರುತ್ತದೆಂದು.

“ಏನ್ ಕೇಳ್ಬೇಕು ಅಂತ ಬರ್ಕೊಂಡು ಬಂದಿದ್ದೀಯೇನಮ್ಮಿ?” ಎಂದ, ಬಾಳೆಹಣ್ಣು ಸುಲಿಯುತ್ತಾ.

“ಒಂದೇ ಪ್ರಶ್ನೆ. ಮತ್ತೆ ನುಡಿಸ್ತೀರೋ ಇಲ್ವೋ? ಹೌದು, ಇಲ್ಲ, ಅಷ್ಟೇ.”

“ಅಂಗೆಲ್ಲಾ ಮಕಕ್ಕೆ ಒಡ್ದಂಗೆ ಕೇಳ್ಬಾರ್ದು. ಮೊದ್ಲು ಉಂಡ್ರಾ ತಿಂದ್ರಾ ಅಂತ ಇಚಾರಿಸ್ಬೇಕು.”

“ನೀನು ವಿಚಾರಿಸು. ನಾನು ಕೇಳ್ತೀನಿ.”

ರೈಲು ಕಪಿಲೆಯ ಸೇತುವೆ ದಾಟಿತು. ನೀರು ಬಂಡೆಗಳ ಮಟ್ಟಕ್ಕೆ ಇಳಿದಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ದೇವಸ್ಥಾನಕ್ಕೆ ಹೋಗುವವರ ಗುಂಪಿನಿಂದ ಕವಲೊಡೆದು ಅಂಗಡಿಬೀದಿ ಹಿಡಿದೆವು.

ಪ್ರಸಾದಣ್ಣನದು ಪಂಪ್‌ಸೆಟ್ಟು ಮತ್ತು ಪೈಪಿನ ಅಂಗಡಿ, ತಂದೆಯ ಕಾಲದ್ದು. ವೇದಿಕೆಯ ಮೇಲೆ ಕಣ್ಣು ಮುಚ್ಚಿ ಗಿಟಾರು ಹಿಡಿಯುವವನು ಇಲ್ಲಿ ವಿಭೂತಿ ಹಚ್ಚಿಕೊಂಡು, ಒಬ್ಬ ಗಿರಾಕಿಗೆ ಎರಡಿಂಚಿನ ಪೈಪಿಗೂ ಎರಡೂವರೆ ಇಂಚಿನದಕ್ಕೂ ನೀರಿನಲ್ಲಿ ಆಗುವ ವ್ಯತ್ಯಾಸ ವಿವರಿಸುತ್ತಿದ್ದ. ನಮ್ಮನ್ನು ಕಂಡು ಸ್ಟೂಲು ಎಳೆದು ಕೂರಿಸಿ, ಮಜ್ಜಿಗೆ ತರಿಸಿದ. ನಂದೀಶ ವಿಚಾರಿಸಿದ. ನಾನು ಕೇಳಿದೆ.

“ಯೋಗಿ ತಾಯಿ ಹೋದ್ರಲ್ಲಮ್ಮ,” ಎಂದ ಪ್ರಸಾದಣ್ಣ. “ಸಾವಾದ ಮನೆ. ವಾದ್ಯ ಮುಟ್ಟು ಅಂತ ನಾವು ಹೇಳಕ್ಕಾಗುತ್ತಾ? ವರ್ಷ ತುಂಬ್ಲಿ.”

ತಾಯಿ ತೀರಿಕೊಂಡಿದ್ದು ನಮಗೆ ಗೊತ್ತೇ ಇರಲಿಲ್ಲ. ಬಳಗದ ಅಷ್ಟೂ ಊಹಾಪೋಹದಲ್ಲಿ ಒಬ್ಬರ ಬಾಯಲ್ಲೂ ಈ ಮಾತು ಬಂದಿರಲಿಲ್ಲ.

“ಹಾಗಾದ್ರೆ ಜಗಳ?”

“ಯಾರ್ ಹೇಳಿದ್ದು ಜಗಳ ಅಂತ? ಅವನು ನನ್ನ ತಮ್ಮ ಇದ್ದಂಗೆ.”

“ವರ್ಷ ಯಾವಾಗ ತುಂಬುತ್ತೆ?”

ಅವನು ಗಿರಾಕಿಯ ಕಡೆ ತಿರುಗಿ, “ಕಾಲರ್ರು ಬೇಕಾ ನಿಮಗೆ, ಎಲ್ಬೋನಾ?” ಎಂದ. ಎದುರಾಳಿ ಚಿಕ್ಕ ಪ್ರಶ್ನೆಯನ್ನು ಜಾರಿಸಿದರೆ ದೊಡ್ಡದು ಅದರ ಅಡಿಯಲ್ಲೇ ಇರುತ್ತದೆಂದು ನನಗೆ ಕಲಿಸಿದ್ದಾರೆ. ಯೋಗೇಶನನ್ನೇ ಕೇಳೋಣವೆಂದು ಬಸ್ ಸ್ಟ್ಯಾಂಡಿಗೆ ನಡೆದೆವು.

ತಗಡೂರು, ಮೂಗೂರು ಮೇಲೆ ನರಸೀಪುರಕ್ಕೆ ಹೋಗುವ ಸರ್ಕಾರಿ ಬಸ್ಸು ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಆಧಾರ್ ತೋರಿಸಿದೆ, ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ನಂದೀಶ ಪೂರ್ತಿ ಕೊಟ್ಟ. “ಸಮಾನತೆ ಬಗ್ಗೆ ಒಂದ್ ಡಿಬೇಟ್ ಮಾಡಮ್ಮಿ ಈಗ,” ಎಂದು ಕೊಂಕು ತೆಗೆದ. ಹಿಂದಿನ ಸೀಟಿನ ಹೆಂಗಸರು ನಕ್ಕರು. ದಾರಿಯುದ್ದಕ್ಕೂ ನಾಲೆಯ ನೀರಿದ್ದ ಕಡೆ ಹಸಿರು, ಇಲ್ಲದ ಕಡೆ ಬೆಂದ ಕೆಂಪು. ಮೂಗೂರಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಡ್ರೈವರು ಊಟಕ್ಕೆ ಇಳಿದ. ನಂದೀಶ ಎದುರಿನ ಸೀಟಿನ ಬೆನ್ನಿಗೆ ಬೆರಳಿನಲ್ಲಿ ಏಳರ ಲೆಕ್ಕ ಬಾರಿಸುತ್ತಾ ಕೂತ. ಆ ಸೀಟಿನ ಅಜ್ಜ ತಿರುಗಿ, “ಬಾರ್ಸೋದಾದ್ರೆ ನೆಟ್ಟುಗೆ ಎಂಟು ಬಾರ್ಸಪ್ಪ, ಒಂದ್ ಯಾಕ್ ನುಂಗ್ತೀಯೆ?” ಎಂದ.

ನರಸೀಪುರದಲ್ಲಿ ಇಳಿದು, ಹೊಳೆಯ ಸೇತುವೆ ದಾಟಿ, ಕೇಳುತ್ತಾ ಕೇಳುತ್ತಾ ಯೋಗೇಶನ ಮನೆ ಮುಟ್ಟಿದೆವು. ಹೆಂಚಿನ ಮನೆ, ಪಕ್ಕದಲ್ಲಿ ಶೀಟಿನ ಕೊಟ್ಟಿಗೆ. ಜಗಲಿಯ ಮೇಲೆ ಅವನ ತಂದೆ ಪುಟ್ಟೇಗೌಡರು ಕೂತಿದ್ದರು.

“ಯಾರವ್ವ ನೀವು?”

“ಯೋಗೇಶಣ್ಣನ ಅಭಿಮಾನಿಗಳು, ಯಜಮಾನ್ರೇ.”

“ಅಭಿಮಾನಿಗೋಳಾ? ಅವ್ನೇನು ಎಲೆಕ್ಷನ್‌ಗೆ ನಿಂತವ್ನಾ?” ಎಂದು ಒಳಗೆ ಕೂಗಿದರು. “ಲೇ ಯೋಗಿ, ನಿನ್ ಪಾರ್ಟಿಯೋರು ಬಂದವ್ರೆ ಬಾರ್ಲಾ.”

ಯೋಗೇಶ ಕೊಟ್ಟಿಗೆಯಿಂದ ಹಾಲಿನ ಕ್ಯಾನು ಎತ್ತಿಕೊಂಡು ಬಂದ. ಮಣಿಕಟ್ಟು ಸರಿಯಾಗಿತ್ತು. ತುಂಬಿದ ಕ್ಯಾನನ್ನು ಒಂದೇ ಕೈಯಲ್ಲಿ ಇಳಿಸಿದ್ದನ್ನು ನಾನೇ ನೋಡಿದೆ. ಮೂರನೇ ಕಥೆ ಅಲ್ಲಿಗೆ ಮುಗಿಯಿತು.

ತಾಯಿಯ ಬಗ್ಗೆ ಈಗಷ್ಟೇ ತಿಳಿಯಿತೆಂದು ಹೇಳಿ, “ವರ್ಷ ತುಂಬೋಕೆ ಇನ್ನೆಷ್ಟು ದಿನ ಅಣ್ಣ?” ಎಂದೆ.

“ತುಂಬ್ತಲ್ಲ. ಹೋದ ತಿಂಗಳೇ ಆಯ್ತು. ಪ್ರಸಾದನೂ ಬಂದಿದ್ದ ಊಟಕ್ಕೆ.”

ನಾನೂ ನಂದೀಶನೂ ಮುಖ ಮುಖ ನೋಡಿಕೊಂಡೆವು. ವರ್ಷ ತುಂಬಲಿ ಎಂದು ಬೆಳಿಗ್ಗೆ ಹೇಳಿದವನು ವರ್ಷದ ಊಟವನ್ನೇ ಉಂಡು ಹೋಗಿದ್ದಾನೆ!

“ಮತ್ತೆ ಯಾಕೆ ನುಡಿಸ್ತಿಲ್ಲ?”

ಪುಟ್ಟೇಗೌಡರು ಕೈಯೆತ್ತಿ ಒಳಗಿನ ಅಟ್ಟ ತೋರಿಸಿದರು. ಡ್ರಮ್ಮುಗಳು ಅಲ್ಲಿದ್ದವು, ಒಂದೊಂದನ್ನೂ ಬಿಳಿ ಪಂಚೆಯಲ್ಲಿ ಸುತ್ತಿ ಸಾಲಾಗಿ ಇಟ್ಟಿದ್ದರು.

“ನೋಡವ್ವ,” ಎಂದರು ಗೌಡರು. “ಸಾವಾದ ಮನೇಲಿ ಮೊದಲ್ನೇ ಅಬ್ಬವ ನಾವೇ ಎತ್ಕೊಳಂಗಿಲ್ಲ. ಹೋದ ಯುಗಾದೀಲಿ ನಾವು ಎಣ್ಣೆ ಮುಟ್ನಿಲ್ಲ. ಈ ಯುಗಾದಿಗೆ ಒರಗ್ಲ ನೆಂಟ್ರು ಬಂದು, ತಲೆಗೆ ಎಣ್ಣೆ ಮಡಗಿ, ನೀರು ಉಯ್ದು, ‘ಏಳ್ರಪ್ಪ, ಸಾಕು’ ಅನ್ಬೇಕು. ನನಗೆ ಎಣ್ಣೆ ಮಡಗಾಕೆ ನನ್ನ ಭಾಮೈದ ಬತ್ತಾನೆ. ಇವ್ನ ಡ್ರಮ್ಮುಗೆ ಯಾರವ್ವ ಬತ್ತಾರೆ?”

ನನಗೆ ಈ ಪದ್ಧತಿಗಳಲ್ಲಿ ನಂಬಿಕೆ ಇಲ್ಲ. ದುಃಖ ಮುಗಿಯಿತೆಂದು ಇನ್ನೊಬ್ಬರು ಬಂದು ಹೇಳಬೇಕೆಂಬುದು ನನ್ನ ತರ್ಕಕ್ಕೆ ಒಗ್ಗುವುದಿಲ್ಲ. ಆದರೆ ಎದುರಾಳಿಯ ನಿಯಮ ಒಪ್ಪಿಯೇ ಗೆಲ್ಲಬಹುದಾದರೆ ನಿಯಮದ ಮೇಲೆ ಯಾಕೆ ಕಾಲ ಕಳೆಯಬೇಕು?

“ನಾವು ಬಂದಿದ್ದೀವಲ್ಲ ಯಜಮಾನ್ರೇ. ನಾವೇ ಇಳಿಸ್ತೀವಿ. ಏಣಿ ಎಲ್ಲಿದೆ?”

“ನೀವು ನೆಂಟ್ರಾ?”

“ನೆಂಟರು ಅಂದ್ರೆ ಯಾರು? ಜೊತೆಗಿರೋರು ತಾನೇ? ನಾಲ್ಕು ವರ್ಷದಿಂದ ಒಂದು ಕಾರ್ಯಕ್ರಮವನ್ನೂ ತಪ್ಪಿಸಿಲ್ಲ ನಾವು. ಮಳೇಲೂ ನಿಂತು ಕೇಳಿದ್ದೀವಿ. ನಿಮ್ಮ ಎಷ್ಟು ಜನ ನೆಂಟರು ಮಳೇಲಿ ನಿಂತಿದ್ದಾರೆ?”

ಗೌಡರಿಗೆ ವಾದ ಹಿಡಿಸಿತು. ಮೀಸೆಯಲ್ಲಿ ನಕ್ಕರು. “ಮಾತು ಚೆಂದಾಗಿ ಆಡ್ತೀಯೆ ಕಣವ್ವ. ಆದ್ರೆ ಇವನ ಅವ್ವನ ಮಣ್ಣಿಗೆ ಬಂದಿದ್ರಾ?”

ಆ ಸಂಜೆ ನಾವೆಲ್ಲಿದ್ದೆವೆಂದು ಯೋಗೇಶ ಹೇಳಿದ. ಮೈಸೂರಿನ ಕಾರ್ಯಕ್ರಮದ ದಿನವೇ ಅವ್ವ ತೀರಿಕೊಂಡಿದ್ದಳು. ಹೊತ್ತು ಮುಳುಗುವ ಮುಂಚೆ ಇಲ್ಲಿ ಮಣ್ಣು ಮಾಡಿದರು. ಅಲ್ಲಿ ವೇದಿಕೆಯ ದೀಪ ಹತ್ತಿತು. ಯೋಗೇಶ್‌ಗೆ ಹುಷಾರಿಲ್ಲ ಎಂದಷ್ಟೇ ಹೇಳಿ, ಬೇರೆ ಯಾರನ್ನೋ ಡ್ರಮ್ಸಿಗೆ ಕೂರಿಸಿ ಪ್ರಸಾದ್ ನುಡಿಸಿದ್ದ. ನನಗೆ ಆ ಸಂಜೆ ನೆನಪಿದೆ. ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆವು.

“ಅದಕ್ಕೇ ಸಿಟ್ಟಾ ಅಣ್ಣ?” ಎಂದ ನಂದೀಶ, ಮೆಲ್ಲಗೆ.

“ಇಲ್ಲ ಕಣೋ. ಜನ ಬಂದು ಕೂತಿದ್ರು, ನುಡಿಸ್ದ. ನಾನಾಗಿದ್ರೂ ನುಡಿಸ್ತಿದ್ನೋ ಏನೋ. ಮೂರನೇ ದಿನ ಹಾಲು-ತುಪ್ಪದ ಕಾರ್ಯಕ್ಕೆ ಬಂದ, ಅತ್ತ. ಸರಿ. ಆದ್ರೆ ಹೋದ ತಿಂಗಳು ವರ್ಷದ ಊಟಕ್ಕೆ ಬಂದು, ಪಂಕ್ತೀಲಿ ಕೂತು, ಉಂಡು, ಬಸ್ಸು ಹತ್ಬಿಟ್ಟ. ಬಾ ನುಡಿಸೋಣ ಅಂತ ಒಂದ್ ಮಾತು ಕರೀಲಿಲ್ಲ. ಆಮೇಲೆ ಮೆಸೇಜು: ‘ನಿನಗೆ ಯಾವಾಗ ಆಗುತ್ತೋ ಆಗ ಹೇಳು.’ ನಾನ್ ಹೇಳೋದಾ? ಸಾವಾದ ಮನೆಯೋನು ನಾನು. ಅವನ್ ಬಂದು ಕರೀಬೇಕೋ, ನಾನೇ ಡ್ರಮ್ಮಿನ ಪಂಚೆ ಬಿಚ್ಚಿ ಬಾರಿಸ್ಕೊಂಡು ಕೂರ್ಬೇಕೋ?”

“ನಾವೇ ಕರೆದ್ರೆ ಯಾಕಾಗಲ್ಲ?” ನಾನಿನ್ನೂ ಬಿಟ್ಟಿರಲಿಲ್ಲ.

ಉತ್ತರ ಗೌಡರಿಂದ ಬಂತು. “ನೀವು ಕೇಳೋರು ಕಣವ್ವ. ಊಟುಕ್ಕೆ ಕುಂತೋರು. ಎಲೆ ಮುಂದೆ ಕುಂತೋರು ಒಲೆ ಅಚ್ಚಂಗಿಲ್ಲ. ಜೊತೇಲಿ ಒಲೆ ಅಚ್ಚಿದೋನು ಬರ್ಬೇಕು.”

ಸೋತೆ. ಚರ್ಚೆಯಲ್ಲಿ ಸೋಲುವುದು ನನಗೆ ಅಭ್ಯಾಸವಿಲ್ಲ. ಆದರೆ ಈ ಸೋಲಿನಲ್ಲಿ ನನಗೆ ಬೇಕಾಗಿದ್ದು ಸಿಕ್ಕಿತ್ತು. ಬ್ಯಾಂಡು ಒಡೆದಿರಲಿಲ್ಲ. ಒಬ್ಬ ಕರೆಯಲಿ ಎಂದು ಇನ್ನೊಬ್ಬ ಕಾಯುತ್ತಿದ್ದ, ಕರೆಯಬೇಕಾದವನು ಕರೆಯದಿರುವುದೇ ಮರ್ಯಾದೆಯೆಂದು ಸುಮ್ಮನಿದ್ದ.

“ಬಾರಿಸ್ಬೇಕು ಅನ್ಸುತ್ತಾ ಅಣ್ಣ ನಿಮಗೆ?” ಎಂದೆ ಕೊನೆಗೆ.

ಕ್ಯಾನಿನ ಮುಚ್ಚಳದ ಮೇಲೆ ಯೋಗೇಶನ ಬೆರಳುಗಳು ಆಗಲೇ ಏಳರಲ್ಲಿ ನಡೆಯುತ್ತಿದ್ದವು. ನಂದೀಶ ತೊಡೆಯ ಮೇಲೆ ಜೊತೆಗೂಡಿದ. ಇಬ್ಬರೂ ಐದಕ್ಕೆ ಹಾರಿದರು, ಮತ್ತೆಲ್ಲೋ ಹೋದರು. ನಾನು ಲೆಕ್ಕ ತಪ್ಪಿದೆ. ಕೊನೆಯ ಏಟು ಬರಬೇಕಾದ ಕಡೆ ಯೋಗೇಶ ಕೈ ಎತ್ತಿ ಹಿಡಿದ, ಹಾಕಲಿಲ್ಲ. “ಹಾಲು ಡೈರಿಗೆ ಹೋಗ್ಬೇಕು,” ಎಂದು ಎದ್ದ. ಗೌಡರು ನಮಗೆ ಮುದ್ದೆ, ಅವರೆಕಾಳಿನ ಸಾರು ಇಕ್ಕಿಸದೆ ಬಿಡಲಿಲ್ಲ.

ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಹೊರಡಲು ನಿಂತಿತ್ತು, ಒಂದು ಗಂಟೆಯೊಳಗೆ ಮನೆ ಸೇರಬಹುದಿತ್ತು. “ಬಾ, ಹತ್ತು,” ಎಂದ ನಂದೀಶ. ನಾನು ನಂಜನಗೂಡಿನ ಬಸ್ಸಿನ ಕಡೆ ನಡೆದೆ.

“ಮತ್ತೆ ಅಲ್ಲಿಗಾ? ಬೆಳಿಗ್ಗೆ ತಾನೇ ಹೋಗಿದ್ವಲ್ಲಮ್ಮಿ!”

“ಬೆಳಿಗ್ಗೆ ತಪ್ಪು ಪ್ರಶ್ನೆ ಕೇಳಿದ್ದೆ.”

ಗೊಣಗುತ್ತಲೇ ಹಿಂದೆ ಬಂದ. ಅವನ ಪಾಲಿಗೆ ಇನ್ನೊಂದು ಪೂರ್ತಿ ಟಿಕೆಟ್ಟು. ಬಿಸಿಲು ಓರೆಯಾಗಿತ್ತು, ಗಾಳಿ ಇನ್ನೂ ಕಾದೇ ಇತ್ತು. ಈ ಸಲ ಮೂಗೂರಿನಲ್ಲಿ ಬಸ್ಸು ನಿಂತಿದ್ದು ಹೆಚ್ಚು ಹೊತ್ತೇನಲ್ಲ. ತಗಡೂರು ದಾಟುವಾಗ ನಂದೀಶ ನನ್ನ ಭುಜಕ್ಕೆ ತಲೆ ಒರಗಿಸಿ ನಿದ್ದೆ ಹೋಗಿದ್ದ.

ಪ್ರಸಾದಣ್ಣ ಅಂಗಡಿಯ ಮುಂದಿನ ಪೈಪುಗಳನ್ನು ಒಳಗಿಡಿಸುತ್ತಿದ್ದ. ನಮ್ಮನ್ನು ಕಂಡ ಕೂಡಲೇ ಎಲ್ಲಿಂದ ಬಂದೆವೆಂದು ಅವನಿಗೆ ಗೊತ್ತಾಯಿತು.

“ವರ್ಷದ ಊಟಕ್ಕೆ ಹೋಗಿದ್ರಂತೆ,” ಎಂದೆ.

ಅವನು ಸ್ಟೂಲಿನ ಮೇಲೆ ಕೂತ. “ಯಾವ ಮುಖ ಇಟ್ಕೊಂಡು ಕರೀಲಮ್ಮ? ಅವನ ಅವ್ವನ್ನ ಮಣ್ಣು ಮಾಡ್ತಿರೋವಾಗ ನಾನು ಮೈಸೂರಲ್ಲಿ ಸೌಂಡ್ ಚೆಕ್ ಮಾಡ್ತಿದ್ದೆ. ಆ ಯಮ್ಮ ಎಷ್ಟು ಸಲ ಅನ್ನ ಇಕ್ಕಿದ್ದಾಳೆ ನನಗೆ. ಮಣ್ಣಿಗೆ ಹೋಗ್ದೋನು ಹಬ್ಬಕ್ಕೆ ಕರೀತಾನಾ? ಅವನಾಗೇ ಬಂದ್ರೆ ಕ್ಷಮಿಸ್ದ ಅಂತ. ಬರ್ಲಿಲ್ಲ ಅಂದ್ರೆ ಇಲ್ಲ ಅಂತ. ಅಷ್ಟೇ.”

“ಅವರಾಗೇ ಬರೋಹಂಗಿಲ್ಲ. ಅದು ನಿಮಗೂ ಗೊತ್ತು. ನಿಮ್ಮ ಮನೇಲಿ ಸಾವಾದಾಗ ಮೊದಲ ಹಬ್ಬ ನೀವೇ ಎತ್ತಿಕೊಂಡ್ರಾ?”

ಪ್ರಸಾದಣ್ಣ ಕಾಲ ಬಳಿ ಬಿದ್ದಿದ್ದ ಎಲ್ಬೋ ಎತ್ತಿ ಪೆಟ್ಟಿಗೆಗೆ ಹಾಕಿದ.

“ಮಣ್ಣಿಗೆ ಬರ್ಲಿಲ್ಲ ಅನ್ನೋ ಸಿಟ್ಟು ಅವರಿಗಿಲ್ಲ. ಬಂದು ಕರೀಲಿಲ್ಲ ಅನ್ನೋದಿದೆ. ನಾವು ಏಣಿ ಕೇಳಿದ್ವಿ, ಕೊಡಲಿಲ್ಲ. ನೀವು ಕೇಳಿದ್ರೆ ಕೊಡ್ತಾರೆ.”

ಬೀದಿಯಲ್ಲಿ ದೀಪ ಹತ್ತಿತು. ಅವನು ಎದ್ದು ಶಟರ್ ಅರ್ಧಕ್ಕೆ ಎಳೆದು, ಹಾಗೇ ಹಿಡಿದು ನಿಂತ. ನಂದೀಶ ನನ್ನ ತೋಳು ಜಗ್ಗಿದ, ಸಾಕು ಬಿಡು ಎಂಬಂತೆ. ನಾನು ಬಿಡಲಿಲ್ಲ.

“ಯುಗಾದಿಗೆ ಇನ್ನೂ ದಿನ ಇದೆ ಪ್ರಸಾದಣ್ಣ. ಯೋಗೇಶಣ್ಣನ ತಲೆಗೆ ಎಣ್ಣೆ ಇಡೋಕೆ ನೀವು ಹೋಗ್ತೀರಾ?”